ಜೊಂಡು ಬೆಳೆದ ಕೆರೆಯಲ್ಲಿ ಗಾಳ ಹಾಕುವ ಕ್ರಮ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಕೆರೆಗಳಲ್ಲಿ ಮಳೆ ಸಮೃದ್ಧಿಯಾಗಿ ನೀರು ನಿಂತ ವರ್ಷ ಮೀನು ಹೆಚ್ಚುವುದು. ಅದರೊಡನೆ ಜೊಂಡೂ ಅಂತರಗಂಗೆಯೂ ಹೆಚ್ಚುವುವು. 2020ರ ಸುಮಾರಿನಿಂದ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಕಂದವಾರ ಮೊದಲಾದ ಕೆರೆಗಳಿಗೆ ಬರತೊಡಗಿದೆ. ಅಂಥ ನೀರಿನಲ್ಲಿ ಉಳಿದಿರುವ ಸಾರಜನಕ ರಂಜಕಗಳು ಗದ್ದೆಗೆ ಹಾಕಿದ ಗೊಬ್ಬರದಂತೆಯೇ ಕಳೆಯನ್ನು ಬೆಳೆಸುವುವು. ಕಳೆ ಹಬ್ಬಿದ ಕೆರೆಯಲ್ಲಿ ಬಲೆ ಎಳೆಯುವುದು ಸಾಧ್ಯವಿಲ್ಲ. ಆಗ ಕೆಲವರು ಕಾರೆಕಾಯಿಯನ್ನು ಅರೆದು ನೀರಿಗೆ ಕಲಸುವರು, ಇಲ್ಲವೆ ಸಿಡಿಮದ್ದನ್ನು ಎಸೆಯುವರು. ಇವೆರಡೂ ಕಾಯಿದೆಯಿಂದ ನಿಷೇಧಿಸಲ್ಪಟ್ಟ ಕೃತ್ಯಗಳು. ದೊಡ್ಡ ಮೀನಿನೊಡನೆ ಮರಿಯೂ ನಾಶವಾಗುವುದರಿಂದ ಊರಿಗೆ ಮುಂದಿನ ವರ್ಷದ ಫಸಲೂ ಇಲ್ಲದಂತಾಗುವುದು. ಇಂಥ ಕೆರೆಗೆ ತಕ್ಕ ಸಾಧನವು ಗಾಳವೇ.

ಜೊಂಡಿನ ಕೆರೆಯ ಒಡೆಯನೆಂದರೆ ಕೊರವ ಮೀನು. ಚಿಂತಾಮಣಿಯ ಕಡೆ ಇದನ್ನು ಕೊರ್ರಮೀನು ಎನ್ನುವುದೂ ಉಂಟು. ಇದು ಕಿವಿರಿನಿಂದ ಮಾತ್ರವೇ ಅಲ್ಲದೆ ಆಗಾಗ್ಗೆ ಮೇಲಕ್ಕೆ ಬಂದು ಗಾಳಿಯನ್ನು ನುಂಗಿಯೂ ಉಸಿರಾಡುವುದು; ಆದಕಾರಣ ಕಳೆ ತುಂಬಿ, ಬೆಳಗಿನ ಜಾವದಲ್ಲಿ ಬೇರೆ ಮೀನುಗಳು ಪ್ರಾಣವಾಯುವಿಲ್ಲದೆ ಬಾಯಿಬಿಡುವ ನೀರಿನಲ್ಲಿಯೂ ಇದು ಸುಖವಾಗಿರುವುದು. ಬೇಸಗೆಯಲ್ಲಿ ಕೆರೆ ಬತ್ತಿದರೆ ಕೆಲಕಾಲ ಕೆಸರಿನಲ್ಲಿಯೇ ಜೀವ ಹಿಡಿದಿರುವುದು. ಜೊಂಡಿನ ಅಂಚಿನಲ್ಲಿ ಅಲುಗಾಡದೆ ಹೊಂಚಿದ್ದು, ಮೇಲೆ ಹಾಯುವ ಕಪ್ಪೆಯನ್ನೂ ಸಣ್ಣ ಮೀನನ್ನೂ ಹಿಡಿಯುವುದು ಇದರ ಸ್ವಭಾವ. ಗಾಳ ಹಾಕುವವನು ಈ ಸ್ವಭಾವವನ್ನು ಬಲ್ಲವನಾಗಿರಬೇಕು.

ಮದರಾಸು ಆಧಿಪತ್ಯದ ಅಧಿಕಾರಿಯಾಗಿದ್ದ ಹೆಚ್. ಎಸ್. ಥಾಮಸ್ ಎಂಬವರು ನಮ್ಮ ದೇಶದ ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತೇ 1887ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚಿ ಕೊರವನನ್ನು ಹಿಡಿಯುವುದು ಹಳೆಯ ರೂಢಿ. ಆದರೆ ಕಪ್ಪೆಯು ಗದ್ದೆಯ ಹುಳುಗಳನ್ನು ತಿನ್ನುವ ರೈತನ ಆಳು. ಅದನ್ನು ಕೊಲ್ಲುವುದಕ್ಕಿಂತ ಬೆಂಡಿನ ತುಂಡಿಗೆ ಬಟ್ಟೆ ಸುತ್ತಿ ಕಪ್ಪೆಯ ಆಕಾರ ಮಾಡಿಕೊಳ್ಳುವುದೇ ಲೇಸು. ಗಾಳದ ಮೊನೆಯು ಮೇಲ್ಮುಖವಾಗಿ ಬೆಂಡಿಗೆ ಒತ್ತಿಕೊಂಡಿರಬೇಕು. ಇಲ್ಲವಾದರೆ ಹೆಜ್ಜೆಹೆಜ್ಜೆಗೂ ಕಳೆಗೆ ಸಿಕ್ಕಿಕೊಳ್ಳುವುದು. ಇದನ್ನು ಎಲೆಗಳ ಮೇಲೆ ಎಸೆದು, ನಿಧಾನವಾಗಿ ಕುಪ್ಪಳಿಸುವಂತೆ ಎಳೆದು, ಎಲೆಗಳ ನಡುವಣ ತೆರಪಿನಲ್ಲಿ ಕ್ಷಣಕಾಲ ನಿಲ್ಲಿಸಬೇಕು. ನೀರು ಸಿಡಿದೊಡನೆ ಗಾಬರಿಯಿಂದ ಎಳೆಯಬಾರದು. ಮೀನು ಕಚ್ಚಿ ತಿರುಗಿದ ಭಾರವು ಕೈಗೆ ತಿಳಿದಮೇಲೆಯೇ ಬಲವಾಗಿ ಎಳೆದು, ಅದರ ತಲೆಯನ್ನು ಮೇಲಕ್ಕೆತ್ತಿ ಹಿಡಿಯಬೇಕು. ಹುರಿಯನ್ನು ಸಡಿಲ ಬಿಟ್ಟರೆ ಮೀನು ಜೊಂಡಿನ ಬುಡಕ್ಕೆ ಸುತ್ತಿಕೊಳ್ಳುವುದು. ಆಮೇಲೆ ಹುರಿಯೂ ಇಲ್ಲ, ಮೀನೂ ಇಲ್ಲ. ತನ್ನ ನೆರಳು ನೀರಿನ ಮೇಲೆ ಬೀಳದಂತೆಯೂ ನೆಲ ಅದುರದಂತೆಯೂ ನಡೆಯಬೇಕು.

ಪಕ್ಕೆ ಮತ್ತು ಜಿಲೇಬಿ ಮೀನುಗಳಿಗೆ ಬೇರೆ ಉಪಾಯವುಂಟು. ಮಳೆ ಬಿದ್ದ ಮರುದಿನ ಹುತ್ತದಿಂದ ಎದ್ದ ಈಸಲು ಕೆರೆಯಲ್ಲಿ ಬಿದ್ದಾಗ ಸಣ್ಣ ಮೀನುಗಳು ಮೇಲಕ್ಕೆ ಬಂದು ಅದನ್ನು ತಿನ್ನುವುವು. ಸಣ್ಣ ಗಾಳಕ್ಕೆ ಕೋಳಿಗರಿಯನ್ನೂ ನೂಲನ್ನೂ ಕಟ್ಟಿ ಅದೇ ರೂಪದ ಕೃತಕ ಹುಳುವನ್ನು ಮಾಡಬಹುದು. ಪಾಶ್ಚಾತ್ಯರು ಈ ಕ್ರಮವನ್ನು ಬಹಳ ಬೆಳೆಸಿದ್ದಾರೆ. ಇದರಲ್ಲಿ ಭಾರವಿರುವುದು ದಪ್ಪನಾದ ಹುರಿಯಲ್ಲಿ, ಗಾಳದಲ್ಲಲ್ಲ. ಬಳುಕುವ ಕೋಲಿನಿಂದ ಹುರಿಯನ್ನು ಬೀಸಿದರೆ ಹುಳುವು ಹಗುರವಾಗಿ ನೀರಿನ ಮೇಲೆ ಇಳಿಯುವುದು.

ಜಿಲೇಬಿ ಮೀನು ಆಫ್ರಿಕ ಖಂಡದ್ದು. 1952ರಲ್ಲಿ ನಮ್ಮ ದೇಶಕ್ಕೆ ಬಂದಿತು. ಮಿತಿಯಿಲ್ಲದೆ ಮರಿ ಮಾಡಿ, ಆಹಾರ ಸಾಲದೆ ಎಲ್ಲವೂ ಬೆರಳುದ್ದಕ್ಕೇ ನಿಂತುಬಿಡುವುದು ಇದರ ದೋಷ. ಈ ಮರಿಗಳನ್ನು ತಿಂದು ಹದದಲ್ಲಿಡುವವನು ಕೊರವನೇ. ಅಮೆರಿಕದ ರೈತರು ಹೊಲದ ಕೊಳಗಳಲ್ಲಿ ಬ್ಲೂಗಿಲ್ ಎಂಬ ಸಣ್ಣ ಮೀನಿನೊಡನೆ ಬಾಸ್ ಎಂಬ ಬೇಟೆಮೀನನ್ನು ಬಿಡುವುದು ಇದೇ ಕಾರಣದಿಂದ. ಕಾಟ್ಲ, ರೋಹುಗಳ ಮರಿಯನ್ನೂ ಕೊರವ ತಿನ್ನುವುದು ನಿಜ. ಅದಕ್ಕೆ ಪರಿಹಾರವು ಅವನನ್ನು ನಿರ್ಮೂಲ ಮಾಡುವುದಲ್ಲ. ನಾಲ್ಕು ಅಂಗುಲ ಬೆಳೆದ ಮರಿಗಳನ್ನೇ ಕೆರೆಗೆ ಬಿಡತಕ್ಕದ್ದು, ಬಿಡುವ ಮುಂಚೆ ದೊಡ್ಡ ಕೊರವಗಳನ್ನು ಗಾಳದಿಂದ ತೆಗೆಯತಕ್ಕದ್ದು.

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಒಂದುಂಟು. ಮಳೆಗಾಲದಲ್ಲಿ ಕೊರವ ಜೋಡಿಯು ಕಳೆಯ ನಡುವೆ ಗುಂಡಾದ ತೆರಪು ಮಾಡಿ ಮೊಟ್ಟೆಯಿಡುವುದು. ಮೊಟ್ಟೆ ನೀರಿನ ಮೇಲೆ ತೇಲುವುದು. ಒಡೆದು ಬಂದ ಮರಿಗಳು ಕೆಂಪು ಮುದ್ದೆಯಂತೆ ಗುಂಪಾಗಿ ಸಂಚರಿಸುವುವು. ಕೆಳಗೆ ತಂದೆತಾಯಿಗಳು ಕೆಲವು ವಾರ ಕಾವಲಿರುವುವು. ಆ ಮುದ್ದೆಯ ನಡುವೆ ಏನು ಬಿದ್ದರೂ ಅವು ಮರಿಗಳ ರಕ್ಷಣೆಗಾಗಿ ಮೇಲೆ ಬೀಳುವುವು. ಹುಡುಗರು ಇದನ್ನೇ ಸುಲಭವೆಂದು ತಿಳಿದು ಗಾಳ ಎಸೆಯುವರು. ಒಂದು ಮೀನು ದೊರೆಯುವುದು. ಕಾವಲು ತಪ್ಪಿದ ಮರಿಗಳನ್ನು ಇತರ ಮೀನುಗಳೂ ಕೊಕ್ಕರೆಗಳೂ ಮುಗಿಸುವುವು. ಕೆಂಪು ಮುದ್ದೆ ಕಂಡ ಸ್ಥಳದಲ್ಲಿ ಗಾಳ ಹಾಕಕೂಡದೆಂದು ಊರಿನಲ್ಲಿ ಸಾರಿಸಿ, ಪಾಶುವಾರು ಹಿಡಿದವರಿಗೂ ನೀರುಗಂಟಿಗೂ ತಿಳಿಯಹೇಳತಕ್ಕದ್ದು.

ಕಳೆಯನ್ನು ಒಂದೇ ಸಲಕ್ಕೆ ಕೊಯ್ದು ನೀರಿನಲ್ಲಿಯೇ ಕೊಳೆಯಲು ಬಿಡಬಾರದು. ಕೊಳೆತವು ಪ್ರಾಣವಾಯುವನ್ನು ಹೀರಿ ಮೀನನ್ನು ಸಾಯಿಸುವುದು. ದಡದಿಂದ ಒಳಕ್ಕೆ ಎರಡು ಮಾರು ಅಗಲದ ಓಣಿಗಳನ್ನು ಬಿಡಿಸಿ, ತೆಗೆದುದನ್ನು ದಡಕ್ಕೆಳೆದು ತಿಪ್ಪೆಗೆ ಸೇರಿಸಬೇಕು. ಗಾಳಕ್ಕೆ ಬೇಕಾದ ಅಂಚು ಆ ಓಣಿಗಳಲ್ಲಿಯೇ ದೊರೆಯುವುದು.