ಮನೆಗೊಂದು ಗಣಕಯಂತ್ರ: ಆಡಂಬರಕ್ಕಲ್ಲ, ಕಾಯಕಕ್ಕೆ

ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ನೀಡಿದ ಗೌರವವನ್ನು ನಾವೆಲ್ಲರೂ ಬಲ್ಲೆವು. ಅಂಬಿಗರ ಚೌಡಯ್ಯನವರಿಗೆ ದೋಣಿಯಿದ್ದಂತೆ, ಮೇದಾರ ಕೇತಯ್ಯನವರಿಗೆ ಬಿದಿರು ಸೀಳುವ ಕತ್ತಿಯಿದ್ದಂತೆ, ಪ್ರತಿಯೊಂದು ಕಾಯಕಕ್ಕೂ ತಕ್ಕ ಸಾಧನವೊಂದು ಬೇಕು. ಇಂದಿನ ಗೃಹಸ್ಥಜೀವನದಲ್ಲಿ ಅಂತಹ ಸಾಧನಗಳ ಸಾಲಿಗೆ ಗಣಕಯಂತ್ರವೂ ಸೇರಿದೆ. ಪಹಣಿ ಪಡೆಯುವುದು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವುದು, ವೃತ್ತಿಶಿಕ್ಷಣದ ಸಿಇಟಿಗೆ ಹೆಸರು ನೋಂದಾಯಿಸುವುದು, ಸೇವಾಸಿಂಧುವಿನಲ್ಲಿ ಪ್ರಮಾಣಪತ್ರ ಕೋರುವುದು ಇವೆಲ್ಲವೂ ಈಗ ಅಂತರಜಾಲದ ಮೂಲಕವೇ ನಡೆಯುತ್ತಿವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಲ, ಹಿಪ್ಪುನೇರಳೆ ತೋಟ, ಹೈನು, ಸಣ್ಣ ವ್ಯಾಪಾರ ಮತ್ತು ಕೈಕಸುಬುಗಳನ್ನು ನಂಬಿ ಬಾಳುವ ಕುಟುಂಬಗಳು ಅನೇಕ. ಅಂತಹ ಮನೆಯೊಂದು ಗೂಡು ಮಾರಿ ಬಂದ ಹಣದಲ್ಲಿ ಮಗಳ ಓದಿಗೆಂದು ತೆಗೆದಿರಿಸಿದ 30ರಿಂದ 40 ಸಾವಿರ ರೂಪಾಯಿಯನ್ನು ಕೆಲಸಕ್ಕೆ ಬಾರದ ಯಂತ್ರಕ್ಕೆ ಸುರಿದರೆ, ಆ ಹಣವನ್ನು ಮತ್ತೆ ಕೂಡಿಸುವಷ್ಟರಲ್ಲಿ ಮಗಳ ಓದಿನ ಕಾಲವೇ ಕಳೆದುಹೋಗಬಹುದು. ಆದುದರಿಂದ ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಳ್ಳುವ ಕುಟುಂಬಗಳು ತಿಳಿದಿರಬೇಕಾದ ಕೆಲವು ವಿಚಾರಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಮೊಬೈಲ್ ಇದ್ದರೆ ಸಾಲದೆ?

ಈ ಪ್ರಶ್ನೆ ಸಹಜವಾದುದು. ಪಾಠ ಕೇಳುವುದಕ್ಕೆ, ಹಣ ಪಾವತಿ ಮಾಡುವುದಕ್ಕೆ ಮೊಬೈಲ್ ಸಾಕು. ಆದರೆ ಹತ್ತು ಪುಟಗಳ ಪ್ರಬಂಧ ಬರೆಯುವುದಕ್ಕೆ, ಲೆಕ್ಕಪತ್ರದ ಕೋಷ್ಟಕ ತಯಾರಿಸುವುದಕ್ಕೆ, ಪ್ರೋಗ್ರಾಮಿಂಗ್ ಕಲಿಯುವುದಕ್ಕೆ ಅಂಗೈಯಗಲದ ಪರದೆ ಒದಗುವುದಿಲ್ಲ. ಲ್ಯಾಪ್‌ಟಾಪ್ ಹೊತ್ತೊಯ್ಯಲು ಅನುಕೂಲವೇನೋ ಸರಿ. ಆದರೆ ಅನೇಕ ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸಲಾಗದು. ಮೇಜಿನ ಮೇಲಿಡುವ ಡೆಸ್ಕ್‌ಟಾಪಿನಲ್ಲಿ ಕೆಟ್ಟ ಭಾಗವನ್ನು ಮಾತ್ರ ಬದಲಿಸಿದರೆ ಸಾಕು. ಇದಲ್ಲದೆ ನಡುಮನೆಯಲ್ಲಿಟ್ಟ ಯಂತ್ರವು ಇಡೀ ಕುಟುಂಬದ ಸ್ವತ್ತಾಗುತ್ತದೆ. ಮಕ್ಕಳು ಅದರಲ್ಲಿ ಏನು ಮಾಡುತ್ತಿದ್ದಾರೆಂಬುದು ಹಿರಿಯರ ಕಣ್ಣಿಗೆ ತಾನಾಗಿ ಬೀಳುತ್ತದೆ.

ಮೊದಲು ಕೆಲಸ, ಅನಂತರ ಯಂತ್ರ

ಅಂಗಡಿಗೆ ಹೋಗುವ ಮುನ್ನ ಮನೆಯವರೆಲ್ಲ ಕುಳಿತು, ಯಂತ್ರದಿಂದ ಆಗಬೇಕಾದ ಕೆಲಸಗಳ ಪಟ್ಟಿಯೊಂದನ್ನು ಬರೆಯಬೇಕು. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತನಿಗೆ ಚಾಕಿ, ಸೊಪ್ಪು, ಕೂಲಿಗಳ ಖರ್ಚು ಬರೆದಿಡುವ ಲೆಕ್ಕದ ಪುಸ್ತಕ ಬೇಕು. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಕೊಡುವ ಗೊಂಬೆಯ ಕುಶಲಕರ್ಮಿಗೆ ಗೊಂಬೆಗಳ ಛಾಯಾಚಿತ್ರಗಳನ್ನು ತಿದ್ದಿ ದೂರದ ಗ್ರಾಹಕರಿಗೆ ಕಳುಹಿಸುವ, ಬಿಲ್ಲು ಬರೆಯುವ ಅನುಕೂಲ ಬೇಕು. ಕನಕಪುರ, ಮಾಗಡಿಗಳ ಕಾಲೇಜು ವಿದ್ಯಾರ್ಥಿಗೆ ಪಾಠ, ಟಿಪ್ಪಣಿ, ಪ್ರೋಗ್ರಾಮಿಂಗ್ ಬೇಕು. ಈ ಮೂರೂ ಬಗೆಯ ಕೆಲಸಗಳಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಅಗತ್ಯವಿಲ್ಲ. ಬಣ್ಣಬಣ್ಣದ ದೀಪ ಉರಿಯುವ ಗಾಜಿನ ಕ್ಯಾಬಿನೆಟ್ಟಿಗೆ ಹಣ ಹಾಕುವುದಂತೂ ಶುದ್ಧ ದುಂದು. ಹೀಗೆ ಉಳಿದ ಹಣವು ನಿಜವಾಗಿ ದುಡಿಯುವ ಭಾಗಗಳಿಗೆ ಸಲ್ಲಬೇಕು.

ಪ್ರೊಸೆಸರ್: ಹೆಸರಿಗೆ ಮರುಳಾಗದಿರಿ

ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೆಂದರೆ, ಐ3ಕ್ಕಿಂತ ಐ5 ಮೇಲು, ಐ5ಕ್ಕಿಂತ ಐ7 ಮೇಲು ಎಂಬುದು. ಒಂದೇ ಪೀಳಿಗೆಯವನ್ನು ಹೋಲಿಸಿದಾಗ ಈ ಮಾತು ಸರಿ. ಬೇರೆ ಬೇರೆ ಪೀಳಿಗೆಯವನ್ನು ಹೋಲಿಸಿದಾಗ ತೀರ ತಪ್ಪು. ಹೆಸರಿನ ಮುಂದಿನ ಅಂಕಿಯಲ್ಲಿ ಪೀಳಿಗೆಯ ಗುಟ್ಟಿದೆ. ಐ5-3470 ಎಂಬುದು ಮೂರನೆಯ ಪೀಳಿಗೆಯದು, 2012ರಲ್ಲಿ ಬಂದದ್ದು. ಐ3-12100 ಎಂಬುದು ಹನ್ನೆರಡನೆಯ ಪೀಳಿಗೆಯದು, 2022ರಲ್ಲಿ ಬಂದದ್ದು. ಹೆಸರಿನಲ್ಲಿ ಕಿರಿದಾದ ಈ ಐ3, ಹಿರಿಯ ಹೆಸರಿನ ಆ ಹಳೆಯ ಐ5ನ್ನು ವೇಗದಲ್ಲಿ ಬಹುದೂರ ಹಿಂದಿಕ್ಕುತ್ತದೆ. ಹಳೆಯ ಪೀಳಿಗೆಯ ಪ್ರೊಸೆಸರನ್ನು ಹೊಸ ಕ್ಯಾಬಿನೆಟ್ಟಿನಲ್ಲಿ ಕೂರಿಸಿ, ಐ5 ಅಥವಾ ಐ7 ಕಂಪ್ಯೂಟರ್ ಎಂದು ಅಗ್ಗದ ದರಕ್ಕೆ ಮಾರುವ ಕ್ರಮವೂ ಉಂಟು. ಬೋರ್ಡಿನ ಹೆಸರಿನಲ್ಲಿ ಎಚ್61 ಎಂದಿದ್ದರೆ ಅದು 2011ರ ಕಾಲದ ವಿನ್ಯಾಸವೆಂದು ಅರಿತು ದೂರವಿರುವುದೇ ಲೇಸು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಎಎಂಡಿಯ ರೈಜೆನ್ 2000 ಸರಣಿಯಿಂದ ಈಚಿನ ಪ್ರೊಸೆಸರ್‌ಗಳಿಗೆ ಮಾತ್ರ ಅಧಿಕೃತ ಮನ್ನಣೆಯಿದೆ. ಆದುದರಿಂದ ಅದಕ್ಕಿಂತ ಹಳೆಯದನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ಮಿತವ್ಯಯದ ಮನೆಗೆ ಎರಡು ದಾರಿಗಳಿವೆ. ಒಂದು, ನಾಲ್ಕು ಕೋರ್‌ಗಳ ಇಂಟೆಲ್ ಐ3-12100; ಇನ್ನೊಂದು, ಆರು ಕೋರ್‌ಗಳ ಎಎಂಡಿ ರೈಜೆನ್ 5 5600ಜಿ. ಎರಡರಲ್ಲೂ ಚಿತ್ರ ಮೂಡಿಸುವ ಗ್ರಾಫಿಕ್ಸ್ ಒಳಗೇ ಅಡಕವಾಗಿದೆ. ಆದರೆ ಇಂಟೆಲ್ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿದ್ದರೆ ಆ ಸೌಲಭ್ಯವಿಲ್ಲವೆಂದರ್ಥ. ಕೊಂಚ ಅಗ್ಗವೆಂದು ಐ3-12100ಎಫ್ ಕೊಂಡವರು ಮನೆಗೆ ಬಂದು ನೋಡಿದಾಗ ಪರದೆಯಲ್ಲಿ ಏನೂ ಮೂಡದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕಾಗುತ್ತದೆ.

ರ‍್ಯಾಮ್ ಮತ್ತು ಎಸ್‌ಎಸ್‌ಡಿ

ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಂದ ಬೇಡಿಕೆ ಏರಿದ ಕಾರಣ, 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಮೇಲೇರಿತು. 2023ರಲ್ಲಿ 2 ಸಾವಿರ ರೂಪಾಯಿಯೊಳಗೆ ದೊರೆಯುತ್ತಿದ್ದ 8 ಜಿಬಿ ರ‍್ಯಾಮಿನ ಬೆಲೆ ಎರಡು ಪಟ್ಟನ್ನೂ ಮೀರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆಯು ಸಾಮಾನ್ಯ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯವಹಾರದಿಂದ ಹೊರಬರುವುದಾಗಿ ಪ್ರಕಟಿಸಿತು. ಇಂತಹ ಸಮಯದಲ್ಲಿ ಜಾಣತನದ ಮಾರ್ಗವೆಂದರೆ, ರ‍್ಯಾಮ್ ಕೂರಿಸಲು ಎರಡು ಸ್ಲಾಟ್‌ಗಳಿರುವ ಮದರ್‌ಬೋರ್ಡ್ ಕೊಂಡು, ಸದ್ಯಕ್ಕೆ 8 ಜಿಬಿಯ ಒಂದನ್ನು ಹಾಕಿಸಿ, ಬೆಲೆ ಇಳಿದಾಗ ಇನ್ನೊಂದನ್ನು ಸೇರಿಸುವುದು. ಕೈಯಲ್ಲಿ ಹಣವಿದ್ದವರು ಆರಂಭದಲ್ಲೇ 8 ಜಿಬಿಯ ಎರಡನ್ನು ಹಾಕಿಸಿದರೆ ಒಳಗಿನ ಗ್ರಾಫಿಕ್ಸ್ ಇನ್ನೂ ಚುರುಕಾಗುತ್ತದೆ. ಡಿಡಿಆರ್4 ಮತ್ತು ಡಿಡಿಆರ್5 ಬೇರೆ ಬೇರೆ. ಒಂದರ ಸ್ಲಾಟಿಗೆ ಇನ್ನೊಂದು ಹೊಂದುವುದಿಲ್ಲ. ಐ3-12100ಕ್ಕೆ ಹೊಂದುವ ಎಚ್610 ಬೋರ್ಡುಗಳು ಎರಡೂ ಬಗೆಯಲ್ಲಿ ಬರುತ್ತವೆಯಾದ್ದರಿಂದ ಬಿಲ್ಲಿನಲ್ಲಿ ಯಾವುದೆಂದು ಬರೆಸಿಕೊಳ್ಳಬೇಕು.

ಕಡತಗಳನ್ನು ಸಂಗ್ರಹಿಸಲು ತಿರುಗುವ ಹಳೆಯ ಬಗೆಯ ಹಾರ್ಡ್‌ಡಿಸ್ಕ್‌ಗಿಂತ ಎಸ್‌ಎಸ್‌ಡಿ ಉತ್ತಮ. ಯಂತ್ರವು ಬೇಗ ಎಚ್ಚರಗೊಳ್ಳುವುದು, ತಂತ್ರಾಂಶವು ಥಟ್ಟನೆ ತೆರೆಯುವುದು ಮುಖ್ಯವಾಗಿ ಇದರಿಂದಲೇ. 500 ಜಿಬಿ ಆಸುಪಾಸಿನ ಎನ್‌ವಿಎಂಇ ಎಸ್‌ಎಸ್‌ಡಿ ಒಂದು ಕುಟುಂಬಕ್ಕೆ ಸಾಕು. ಮಗುವಿನ ನಾಮಕರಣದ, ಮಗಳ ಮದುವೆಯ ಛಾಯಾಚಿತ್ರಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡುವ ರೂಢಿ ಮಾತ್ರ ತಪ್ಪಬಾರದು.

ಕಣ್ಣಿಗೆ ಕಾಣದ ಎಸ್‌ಎಂಪಿಎಸ್

ಮನೆಯ ವಿದ್ಯುತ್ತನ್ನು ಪಳಗಿಸಿ ಪ್ರತಿಯೊಂದು ಭಾಗಕ್ಕೂ ಉಣಿಸುವುದು ಎಸ್‌ಎಂಪಿಎಸ್. ಹೊರಗೆ ಕಾಣದ್ದರಿಂದ ಕೊಳ್ಳುವವರು ಇದನ್ನು ಕೇಳುವುದೇ ಇಲ್ಲ. ಮಾರುವವರು ಕ್ಯಾಬಿನೆಟ್ಟಿನ ಜೊತೆಗೇ ಬರುವ ಹಗುರವಾದ ಡಬ್ಬಿಯನ್ನು ಕೂರಿಸಿಬಿಡುತ್ತಾರೆ. ವಿದ್ಯುತ್ ಏರಿಳಿತದಲ್ಲಿ ಅದು ಕೆಟ್ಟಾಗ ತಾನೊಂದೇ ಹೋಗದೆ ಮದರ್‌ಬೋರ್ಡನ್ನೂ ಕೆಡಿಸಬಹುದು. ಹೆಸರಾಂತ ಸಂಸ್ಥೆಯ, ‘80 ಪ್ಲಸ್’ ಮುದ್ರೆಯುಳ್ಳ, 450 ವ್ಯಾಟಿನದನ್ನು ಪ್ರತ್ಯೇಕವಾಗಿ ಕೊಳ್ಳುವುದು ಕ್ಷೇಮ. ಇಡೀ ಯಂತ್ರದಲ್ಲಿ ಉಳಿತಾಯ ಮಾಡಬಾರದ ಭಾಗ ಯಾವುದೆಂದು ಕೇಳಿದರೆ ಇದನ್ನೇ ಹೆಸರಿಸಬೇಕು.

ಮಳೆಗಾಳಿಯ ದಿನಗಳಲ್ಲಿ ಹಳ್ಳಿಗಳಲ್ಲಿ ವಿದ್ಯುತ್ ಹೋಗಿಬರುವುದು ವಾಡಿಕೆ. ಅರ್ಜಿ ತುಂಬುತ್ತಿರುವ ನಡುವೆ ಯಂತ್ರ ಆರಿಹೋದರೆ ಶ್ರಮವೆಲ್ಲ ವ್ಯರ್ಥ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಯ ಯಂತ್ರಕ್ಕೆ 600 ವಿಎ ಯುಪಿಎಸ್ ಒಂದಿದ್ದರೆ, ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವಷ್ಟು ಕಾಲಾವಕಾಶ ದೊರೆಯುತ್ತದೆ. ಈಗಾಗಲೇ ಮನೆಯಲ್ಲಿ ಇನ್ವರ್ಟರ್ ಇದ್ದು ಅದರಲ್ಲಿ ಯುಪಿಎಸ್ ಎಂಬ ಸ್ವಿಚ್ ಇದ್ದರೆ, ಅದನ್ನು ಆ ಸ್ಥಾನಕ್ಕೆ ತಿರುಗಿಸಿ ಪರೀಕ್ಷಿಸಬಹುದು. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ವಿದ್ಯುತ್ ಕೆಲಸದವರಿಂದ ನೋಡಿಸಿಕೊಳ್ಳುವುದೂ ಅವಶ್ಯ.

ಯಂತ್ರವನ್ನು ಎಲ್ಲಿಡಬೇಕು?

ನಮ್ಮ ಭಾಗದ ಕಸುಬುಗಳಿಗೆ ಸಂಬಂಧಿಸಿದ ಎಚ್ಚರಿಕೆಯೊಂದು ಇಲ್ಲಿ ಅಗತ್ಯ. ಹುಳು ಸಾಕಣೆ ಮನೆಯಲ್ಲಿ ಸೋಂಕು ನಿವಾರಣೆಗಾಗಿ ಬ್ಲೀಚಿಂಗ್ ಪುಡಿ, ಸುಣ್ಣ ಮೊದಲಾದವನ್ನು ಬಳಸುತ್ತಾರೆ. ಅಲ್ಲಿ ತೇವಾಂಶವೂ ಹೆಚ್ಚು. ಇವು ಲೋಹದ ಭಾಗಗಳನ್ನು ತುಕ್ಕು ಹಿಡಿಸುತ್ತವೆ. ಗೊಂಬೆ ಕಡೆಯುವ ಕೊಠಡಿಯ ಮರದ ಹುಡಿ ಫ್ಯಾನುಗಳಲ್ಲಿ ಸೇರಿ ಗಾಳಿಯ ಹಾದಿಯನ್ನು ಮುಚ್ಚುತ್ತದೆ. ಆದುದರಿಂದ ಲೆಕ್ಕ ಬರೆಯುವುದು ಅಲ್ಲಿಯದಾದರೂ ಯಂತ್ರವು ವಾಸದ ಮನೆಯಲ್ಲಿರಲಿ. ಮೂರು ತಿಂಗಳಿಗೊಮ್ಮೆ, ವಿದ್ಯುತ್ ಸಂಪರ್ಕ ತಪ್ಪಿಸಿ, ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯಬೇಕು.

ತಂತ್ರಾಂಶದಲ್ಲಿಯೂ ಸತ್ಯಶುದ್ಧತೆ

ಪರವಾನಗಿಯಿಲ್ಲದ ವಿಂಡೋಸನ್ನು ‘ಉಚಿತವಾಗಿ ಹಾಕಿಕೊಡುತ್ತೇವೆ’ ಎಂಬ ಆಮಿಷಕ್ಕೆ ಒಳಗಾಗುವವರು ಬಹಳ. ಸತ್ಯಶುದ್ಧ ಕಾಯಕವನ್ನು ನಂಬಿದ ಮನೆಗೆ ಇದು ಶೋಭಿಸದು. ಕಳ್ಳಪ್ರತಿಯ ಜೊತೆಗೆ ಬ್ಯಾಂಕಿನ ಗುಪ್ತಪದ ಕದಿಯುವ ತಂತ್ರಾಂಶವೂ ಬರಬಹುದೆಂಬ ಭಯ ಬೇರೆ. ಪರವಾನಗಿಗೆ ಹಣವಿಲ್ಲದಿದ್ದರೆ ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ನ್ಯಾಯವಾಗಿಯೇ ಉಚಿತವಾಗಿ ಪಡೆಯಬಹುದು. ಪತ್ರ, ಲೆಕ್ಕಗಳಿಗೆ ಲಿಬ್ರೆ ಆಫೀಸ್ ಸಾಕು. ಕನ್ನಡ ಬರೆಯಲು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯೂ ಅದರಲ್ಲಿ ದೊರೆಯುತ್ತದೆ. ಕಡತಗಳನ್ನು ಯೂನಿಕೋಡಿನಲ್ಲಿಯೇ ಬರೆದರೆ ಯಾವ ಯಂತ್ರದಲ್ಲಿ ತೆರೆದರೂ ಅಕ್ಷರ ಕೆಡುವುದಿಲ್ಲ. 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಲು ಅನುವಾಗುವಂತೆ ರೂಪಿಸಿದ ‘ವಚನ ಸಂಚಯ’ ಜಾಲತಾಣವು, ಗಣಕಯಂತ್ರ ಕನ್ನಡಕ್ಕೆ ಎಷ್ಟು ಒದಗಬಲ್ಲದೆಂಬುದಕ್ಕೆ ಉತ್ತಮ ನಿದರ್ಶನ.

ಎಲ್ಲಿ ಕೊಳ್ಳುವುದು?

ಬಿಡಿಭಾಗಗಳಿಗೆ ಹೆಸರಾದುದು ಬೆಂಗಳೂರಿನ ಎಸ್.ಪಿ. ರಸ್ತೆ, ಅರ್ಥಾತ್ ಸದರ್ ಪತ್ರಪ್ಪ ರಸ್ತೆ. ರಾಮನಗರ, ಚನ್ನಪಟ್ಟಣದವರು ರೈಲಿನಲ್ಲಿ ಬೆಂಗಳೂರು ನಿಲ್ದಾಣಕ್ಕೆ ಬಂದು, ಮೆಜೆಸ್ಟಿಕ್‌ನಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಮುಂದಿನ ನಿಲ್ದಾಣವಾದ ಚಿಕ್ಕಪೇಟೆಯಲ್ಲಿ ಇಳಿಯಬಹುದು. ಕನಕಪುರದವರಿಗೆ 2021ರಿಂದ ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿಯೇ ಅದೇ ಮಾರ್ಗದ ಮೆಟ್ರೋ ಸಿಗುತ್ತದೆ. ಮಾಗಡಿಯವರಿಗೆ ಬಸ್ಸಿದೆ. ಹಾಗೆಂದು ಎಲ್ಲರೂ ಅಲ್ಲಿಗೇ ಓಡಬೇಕಾಗಿಲ್ಲ. ಅಲ್ಲಿಯ ದರಪಟ್ಟಿಯನ್ನು ತಿಳಿದುಕೊಂಡು ಊರಿನ ನಂಬಿಕಸ್ಥ ಅಂಗಡಿಯವರೊಡನೆ ಮಾತಾಡಬೇಕು. ವ್ಯತ್ಯಾಸ ಒಂದೆರಡು ಸಾವಿರದಷ್ಟೇ ಆದರೆ ಊರಿನಲ್ಲಿಯೇ ಕೊಳ್ಳುವುದು ಲಾಭಕರ. ಯಂತ್ರ ಕೆಟ್ಟಾಗ ಅದನ್ನು ಹೊತ್ತು ಐವತ್ತು ಕಿಲೋಮೀಟರ್ ತಿರುಗುವ ಕಷ್ಟ ತಪ್ಪುತ್ತದೆ.

ಎಲ್ಲಿ ಕೊಂಡರೂ ಶೇಕಡ 18ರ ಜಿಎಸ್‌ಟಿ ಸಹಿತವಾದ ಬಿಲ್ಲು ಕಡ್ಡಾಯವಾಗಿ ಬೇಕು. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡವರಿಗೆ ವಾರಂಟಿಯ ಹಕ್ಕನ್ನು ಸಾಧಿಸುವುದು ಕಷ್ಟ. ಬಿಲ್ಲಿನಲ್ಲಿ ‘ಕಂಪ್ಯೂಟರ್ ಒಂದು’ ಎಂದಿದ್ದರೆ ಸಾಲದು. ಪ್ರತಿ ಭಾಗದ ಮಾದರಿ, ಕ್ರಮಸಂಖ್ಯೆ, ವಾರಂಟಿಯ ಅವಧಿ ಪ್ರತ್ಯೇಕವಾಗಿರಬೇಕು. ಪೆಟ್ಟಿಗೆಯೊಳಗೆ ಬರುವ ಪ್ರೊಸೆಸರ್‌ಗೆ ಮೂರು ವರ್ಷದ ವಾರಂಟಿಯಿರುವುದರಿಂದ ಪೆಟ್ಟಿಗೆಗಳನ್ನು ಜೋಪಾನವಾಗಿಡಬೇಕು.

ಇಷ್ಟು ಹಣ ಹೊಂದಿಸಲಾಗದವರು ಕಛೇರಿಗಳಲ್ಲಿ ಬಳಸಿ ಬಿಟ್ಟ ಹೆಸರಾಂತ ಸಂಸ್ಥೆಗಳ ಯಂತ್ರಗಳನ್ನು ನೋಡಬಹುದು. ಎಂಟನೆಯ ಪೀಳಿಗೆಗಿಂತ ಹಳೆಯದಾಗಿರಬಾರದು, ಎಸ್‌ಎಸ್‌ಡಿ ಹೊಸದಾಗಿರಬೇಕು, ಬಿಲ್ಲು ಮತ್ತು ವಾರಂಟಿ ಇರಬೇಕು, ಈ ಮೂರು ನಿಯಮಗಳನ್ನು ಪಾಲಿಸಿದರೆ ವಿದ್ಯಾರ್ಥಿಯ ಓದಿಗೆ ಅವು ಧಾರಾಳವಾಗಿ ಒದಗುತ್ತವೆ. ಆದರೆ ಇಂತಹ ಅನೇಕ ಯಂತ್ರಗಳ ಎಸ್‌ಎಂಪಿಎಸ್ ಆಯಾ ಸಂಸ್ಥೆಯ ಅಳತೆಯದಾಗಿದ್ದು, ಕೆಟ್ಟರೆ ಬದಲಿ ಸಿಗುವುದು ಕಷ್ಟವೆಂಬುದನ್ನು ಮರೆಯಬಾರದು.

ಅಕ್ಷರ ದಾಸೋಹಕ್ಕೊಂದು ದಾರಿ

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳವರು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ತಮ್ಮ ದೀರ್ಘ ಜೀವಿತದುದ್ದಕ್ಕೂ ನಡೆಸಿದರು. ಸಾಧಾರಣ ಗೃಹಸ್ಥರಾದ ನಮಗೆ ಅಷ್ಟು ಸಾಧ್ಯವಾಗದಿರಬಹುದು. ಆದರೆ ನಡುಮನೆಯ ಗಣಕಯಂತ್ರದ ಮುಂದೆ ಸಂಜೆ ಒಂದು ಗಂಟೆ ಕಾಲ ನೆರೆಮನೆಯ ಬಡಮಕ್ಕಳಿಗೂ ಕುರ್ಚಿ ಹಾಕಿಕೊಡುವುದು, ಓದುಬಾರದ ಹಿರಿಯರೊಬ್ಬರ ಪಿಂಚಣಿ ಅರ್ಜಿಯನ್ನು ತುಂಬಿಕೊಡುವುದು ಯಾರಿಗೂ ಅಸಾಧ್ಯವಲ್ಲ. ಹಾಗೆ ಹತ್ತು ಜನರಿಗೆ ಒದಗುವ ಯಂತ್ರಕ್ಕೆ ಹೊಳೆಯುವ ದೀಪಗಳು ಬೇಕಿಲ್ಲ. ಹೊಸ ಪೀಳಿಗೆಯ ಪ್ರೊಸೆಸರ್, ಗಟ್ಟಿಯಾದ ಎಸ್‌ಎಂಪಿಎಸ್, ಸರಿಯಾದ ಬಿಲ್ಲು, ಕಳ್ಳತನವಿಲ್ಲದ ತಂತ್ರಾಂಶ, ಇವಿಷ್ಟಿದ್ದರೆ ಬೆವರಿನ ಹಣ ವ್ಯರ್ಥವಾಗದು.