ಬಳ್ಳಾರಿ ರಸ್ತೆಯ ಮಳೆ ವಾಸನೆ

ಸೂಕ್ಷ್ಮಜೀವಿಗಳ ಜೀನ್ ತಿದ್ದಿ ಅವುಗಳಿಂದ ಹೊಸ ಕೆಲಸ ಮಾಡಿಸುವ ಕಾಲೇಜು ಹುಡುಗರಿಗಾಗಿ ಅಮೆರಿಕದ ಎಂಐಟಿಯಲ್ಲಿ ಐಜೆಮ್ ಎಂಬ ಸ್ಪರ್ಧೆ ನಡೆಯುತ್ತಿತ್ತು. 2009ರಲ್ಲಿ ಬೆಂಗಳೂರಿನಿಂದ ಅಲ್ಲಿಗೆ ಹೋದ ತಂಡವೊಂದರಲ್ಲಿ ಇದ್ದವರು ಬಯಾಲಜಿ ಓದಿದವರಲ್ಲ. ಯಲಹಂಕದ ಸೃಷ್ಟಿ ಸಂಸ್ಥೆಯಲ್ಲಿ ಕಲೆ, ವಿನ್ಯಾಸ ಕಲಿಯುತ್ತಿದ್ದವರು. ಅವರ ಜೊತೆಗಿದ್ದ ಮೇಷ್ಟ್ರು ಯಶಸ್ ಶೆಟ್ಟಿ ಕೂಡ ಕಲಾವಿದರೇ. ಔಷಧಿ, ಇಂಧನ ಅಂತ ಬೇರೆಯವರೆಲ್ಲ ತಲೆ ಕೆಡಿಸಿಕೊಂಡಿದ್ದಾಗ ಇವರು ಕೈಗೆತ್ತಿಕೊಂಡದ್ದು, ಇ. ಕೋಲೈ ಬ್ಯಾಕ್ಟೀರಿಯಾದಿಂದ ಮೊದಲ ಮಳೆಯ ಮಣ್ಣಿನ ವಾಸನೆ ಹೊರಡಿಸುವ ಕೆಲಸ.

ಇ. ಕೋಲೈ ನಮ್ಮ ಕರುಳಿನಲ್ಲೇ ಇರುವಂಥದ್ದು. ಲ್ಯಾಬಿನಲ್ಲಿ ಬೆಳೆಸಿದರೆ ಅದರ ನಾತ ಎಂಥದ್ದು ಅಂತ ಅಲ್ಲಿ ಕೆಲಸ ಮಾಡಿದವರನ್ನು ಕೇಳಬೇಕು. ಮಳೆಯ ಘಮಕ್ಕೆ ಕಾರಣ ಬೇರೊಂದು ಜೀವಿ, ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್. ಅದು ಜಿಯೋಸ್ಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ಬೀಟ್‌ರೂಟ್ ತಿಂದಾಗ ಸಿಗುವ ಮಣ್ಣಿನ ರುಚಿಗೂ ಇದೇ ಕಾರಣ. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಬೆರೆತಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿದುಬಿಡುತ್ತದೆ. ಜಿಯೋಸ್ಮಿನ್ ತಯಾರಿಸುವ ಜೀನನ್ನು ಇ. ಕೋಲೈಗೆ ಸೇರಿಸುವುದು ತಂಡದ ದಾರಿಯಾಗಿತ್ತು. ಬ್ಯಾಕ್ಟೀರಿಯಾಕ್ಕೆ ಪರಿಮಳ ಕಟ್ಟುವುದು ಹೊಸದೇನಲ್ಲ. 2006ರಲ್ಲಿ ಎಂಐಟಿಯ ವಿದ್ಯಾರ್ಥಿಗಳೇ ಅದರಿಂದ ಬಾಳೆಹಣ್ಣಿನ ವಾಸನೆ ಬರಿಸಿದ್ದರು. ಆದರೆ ಬಾಳೆಹಣ್ಣಿನ ವಾಸನೆ ಬಂತೆಂದು ಯಾರೂ ಕಿಟಕಿಯ ಹತ್ತಿರ ಓಡುವುದಿಲ್ಲವಲ್ಲ! ಬಯಲುಸೀಮೆಯಲ್ಲಿ ಬೆಳೆದವರಿಗೆ ಈ ಮಣ್ಣಿನ ವಾಸನೆ ಬಂತೆಂದರೆ ಬೇಸಿಗೆ ಮುಗಿಯಿತು ಎಂದೇ ಅರ್ಥ. ಸೃಷ್ಟಿಯವರ ಆಯ್ಕೆಯ ಜಾಣತನ ನನಗೆ ಕಾಣುವುದು ಇಲ್ಲಿ.

ಈ ಘಮಕ್ಕೆ 1964ರಲ್ಲಿ ಪೆಟ್ರಿಕೋರ್ ಎಂದು ಹೆಸರಿಟ್ಟವರು ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್. ಅದಕ್ಕೂ ಎಷ್ಟೋ ಮೊದಲೇ ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಬಟ್ಟಿ ಇಳಿಸಿ, ಅದರ ಆವಿಯನ್ನು ಗಂಧದೆಣ್ಣೆಗೆ ಹಿಡಿದು ಮಾರುತ್ತಿದ್ದರು. ಹನಿ ಬಿದ್ದ ಕ್ಷಣದಲ್ಲಿ ವಾಸನೆ ಮೇಲೇಳುವುದು ಹೇಗೆ ಎನ್ನುವುದು ಮಾತ್ರ ತಿಳಿದಿರಲಿಲ್ಲ. 2015ರಲ್ಲಿ ಎಂಐಟಿಯವರು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದರು: ಹನಿಯ ಅಡಿಗೆ ಸಿಕ್ಕ ಗಾಳಿ ಗುಳ್ಳೆಗಳಾಗಿ ಮೇಲೆ ಬಂದು ಒಡೆಯುತ್ತದೆ, ಕಣ್ಣಿಗೆ ಕಾಣದ ತುಂತುರು ಹಾರುತ್ತದೆ. ಸೋಡಾ ಲೋಟದ ಬಾಯಲ್ಲಿ ಮೂಗಿಗೆ ಚಿಮ್ಮುವ ಹಾಗೆ.

ಸೃಷ್ಟಿ ಇರುವ ಯಲಹಂಕದಿಂದ ಊರೊಳಗೆ ಬರುವ ದಾರಿ ಬಳ್ಳಾರಿ ರಸ್ತೆ. ವಿಮಾನ ಹಿಡಿಯುವ ಅವಸರದಲ್ಲಿ ಜನ ಹಾರ್ನ್ ಒತ್ತುತ್ತ ಶಪಿಸುವ ಈ ರಸ್ತೆಯ ಮಗ್ಗುಲಲ್ಲೇ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದೊಳಗೆ, ಜೀವವಿಜ್ಞಾನದ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಇದೆ. ಹೆಬ್ಬಾಳ ದಾಟಿ ಮೇಖ್ರಿ ಸರ್ಕಲ್ಲಿಗೆ ಬಂದರೆ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ. ಅಲ್ಲಿ ಅವರು ಕೂಡಿಟ್ಟ ಚಿಟ್ಟೆ, ಚಿಪ್ಪು, ಹರಳುಗಳ ಸಂಗ್ರಹವಿದೆ. ಒಂದು ಕತ್ತಲೆ ಕೋಣೆಯೂ ಉಂಟು. ಅಲ್ಲಿ ಅತಿನೇರಳೆ ದೀಪ ಹಾಕಿದರೆ, ಹಗಲಲ್ಲಿ ಜಲ್ಲಿಕಲ್ಲಿನಂತೆ ಸಪ್ಪೆಯಾಗಿ ಕಾಣುವ ಖನಿಜಗಳು ಹಸಿರು, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಹೊಳೆಯತೊಡಗುತ್ತವೆ. ಇಂಥದ್ದಕ್ಕೆ ಇವತ್ತು ಇನ್‌ಸ್ಟಲೇಶನ್ ಎಂಬ ದೊಡ್ಡ ಹೆಸರಿದೆ.

ನಾದದ ಹುಚ್ಚು ರಾಮನ್ನರಿಗೆ ಮೊದಲಿನಿಂದಲೂ ಇತ್ತು. ಮೃದಂಗದ ಚರ್ಮದ ಮೇಲಿನ ಕರಣೆ, ಅಂದರೆ ಆ ಕಪ್ಪು ಮೆತ್ತು, ಬರೀ ಭಾರಕ್ಕಲ್ಲ, ಚರ್ಮದ ಅಡ್ಡಾದಿಡ್ಡಿ ಕಂಪನಗಳನ್ನು ಶ್ರುತಿಗೆ ತರುವುದೇ ಅದು ಎಂದು 1920ರಲ್ಲೇ ತೋರಿಸಿದ್ದರು. ಮುಂದೆ ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ನುಡಿಸಿದಾಗ ಅದು ಗೆರೆಗಟ್ಟುವ ಬಗೆಯನ್ನು ಫೋಟೊ ಹಿಡಿಸಿದರು. ಕೊನೆಯ ವರ್ಷಗಳಲ್ಲಿ ಹೂವಿನ ಬಣ್ಣ, ಕಣ್ಣಿನ ನೋಟ ಇವುಗಳ ಹಿಂದೆ ಬಿದ್ದು 1968ರಲ್ಲಿ ದೃಷ್ಟಿಯ ಬಗ್ಗೆ ಪುಸ್ತಕವನ್ನೇ ತಂದರು. ಬಣ್ಣದ ಗ್ರಹಿಕೆಯ ಬಗ್ಗೆ ಅವರು ಮಂಡಿಸಿದ ಸಿದ್ಧಾಂತವನ್ನು ವಿಜ್ಞಾನಿಗಳು ಒಪ್ಪಲಿಲ್ಲ. ಪ್ರಯೋಗ ಮಾತ್ರ ಸೊಗಸು: ಚೆನ್ನಾಗಿ ಬೆಳಕು ಬಿದ್ದ ಬಿಳಿ ಪರದೆಯ ಒಂದೇ ಬಿಂದುವನ್ನು ಬಣ್ಣದ ಫಿಲ್ಟರಿನ ಮೂಲಕ ದಿಟ್ಟಿಸಬೇಕು, ಸ್ವಲ್ಪ ಹೊತ್ತಾದ ಮೇಲೆ ಫಿಲ್ಟರನ್ನು ಸರಕ್ಕನೆ ಸರಿಸಬೇಕು. ಆಗ ಪರದೆಯ ಮೇಲೆ ಕಾಣುವ ಬಣ್ಣದ ಆಕೃತಿ ನಮ್ಮದೇ ಅಕ್ಷಿಪಟದ ಚಿತ್ರ ಎಂದರು ರಾಮನ್. ನೋಡುವವನೂ ನೋಟವೂ ಒಂದೇ ಆದ ಈ ಆಟವನ್ನು ಕಲೆಯಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಸೃಷ್ಟಿ, ರಾಮನ್ ಸಂಸ್ಥೆ ಎಂಬ ಈ ಎರಡು ತುದಿಗಳ ನಡುವೆ, ಸಂಜಯನಗರದ ಬಳಿ, ಅದೇ ರಸ್ತೆಯಲ್ಲಿ ಸೈನ್ಸ್ ಗ್ಯಾಲರಿ ಬೆಂಗಳೂರು ನಿಂತಿದೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ 2008ರಲ್ಲಿ ಶುರುವಾದ ಕಲ್ಪನೆ ಇದು. ಇಲ್ಲಿ ಕರ್ನಾಟಕ ಸರ್ಕಾರದ ನೆರವು, ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್ ಮತ್ತು ಸೃಷ್ಟಿಯ ಜೊತೆಗಾರಿಕೆ ಇದೆ. ಕಟ್ಟಿ ನಿಲ್ಲಿಸಿದವರು ವಿಜ್ಞಾನದ ಇತಿಹಾಸಕಾರ್ತಿ ಜಾಹ್ನವಿ ಫಾಲ್ಕೆ. ಗಿಡಗಳನ್ನು ಕುರಿತ ‘ಫೈಟೋಪಿಯಾ’, ಸಾಂಕ್ರಾಮಿಕವನ್ನು ಕುರಿತ ‘ಕಂಟೇಜನ್’, ಮನಸ್ಸನ್ನು ಕುರಿತ ‘ಸೈಕಿ’ ಪ್ರದರ್ಶನಗಳು ಕೊರೊನಾ ಕಾಲದ ಆಸುಪಾಸಿನಲ್ಲಿ ಆನ್‌ಲೈನಿನಲ್ಲೇ ನಡೆದವು. ಗಿಡವನ್ನು ಪರದೆಯಲ್ಲಿ ತೋರಿಸಬಹುದು, ಮೂಸಲು ಕೊಡಲಾಗದು. 2024ರ ಜನವರಿಯಲ್ಲಿ ‘ಕಾರ್ಬನ್’ ಪ್ರದರ್ಶನದೊಂದಿಗೆ ಸ್ವಂತ ಕಟ್ಟಡದ ಬಾಗಿಲು ತೆರೆಯಿತು. ಪ್ರವೇಶ ಉಚಿತ. ಒಳಗೆ ಗೈಡುಗಳ ಬದಲು ಹರೆಯದ ಹುಡುಗ ಹುಡುಗಿಯರು ಸುತ್ತಾಡುತ್ತಿರುತ್ತಾರೆ, ಪ್ರಶ್ನೆ ಕೇಳಿದರೆ ವಾದಕ್ಕೂ ನಿಲ್ಲುತ್ತಾರೆ.

ವಿಜ್ಞಾನ, ಕಲೆ ಬೆರೆತ ಇಂಥ ಪ್ರದರ್ಶನಗಳಲ್ಲಿ ಗೋಡೆಯ ಮೇಲಿನ ಬರಹ ಉದ್ದವಾದಷ್ಟೂ ಕಲಾಕೃತಿ ಸೊರಗುತ್ತದೆ ಎಂಬುದು ನನ್ನ ಗುಮಾನಿ. ವಿಜ್ಞಾನಕ್ಕೆ ಬಣ್ಣ ಬಳಿದ ಪೋಸ್ಟರು ನೋಡಲು ಊರು ದಾಟಿ ಯಾರು ಬರುತ್ತಾರೆ? ಕಣ್ಣು, ಕಿವಿ, ಮೂಗನ್ನೇ ಉಪಕರಣ ಮಾಡಿಕೊಂಡ ಕೆಲಸ ಬೇರೆ. ಅದಕ್ಕೆ ವಿವರಣೆ ಆಮೇಲೆ ಬಂದರೂ ಆದೀತು.

ಹಾಗೆ ನೋಡಿದರೆ ಇಂಥ ಕೆಲಸಕ್ಕೆ ಬೆಂಗಳೂರೇ ಬೇಕೆಂದಿಲ್ಲ. ತಮಿಳುನಾಡಿನ ಪಳನಿ ಬೆಟ್ಟಗಳ ಬುಡದ ದಿಂಡಿಗಲ್ ಸೀಮೆಯಿಂದ ಕಂಬಂ ಕಣಿವೆಯವರೆಗೆ, ಹೊರಗೆ ತಮಿಳು ಓದಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳಿವೆ. ಒಡ್ಡನ್‌ಛತ್ರಂನ ತರಕಾರಿ ಹೊಲಗಳ ಮಣ್ಣಿನಲ್ಲೂ ಸ್ಟ್ರೆಪ್ಟೊಮೈಸಿಸ್ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಅಲ್ಲಿನ ಮೇಷ್ಟ್ರೊಬ್ಬರು ರಾಮನ್ನರ ಪ್ರಯೋಗವನ್ನು ಮಕ್ಕಳಿಂದ ಮಾಡಿಸಬೇಕೆಂದರೆ ಸ್ಟೇಶನರಿ ಅಂಗಡಿಯ ಬಣ್ಣದ ಜಿಲೇಟಿನ್ ಪೇಪರ್ ಸಾಕು. ರಾಮನ್ ಹೇಳಿದಷ್ಟು ವಿವರ ಕಾಣಲಿಕ್ಕಿಲ್ಲ. ಕೆಂಪು ಹಾಳೆ ಸರಿಸಿದಾಗ ಬಿಳಿ ಗೋಡೆ ಒಂದು ಕ್ಷಣ ಹಸಿರು ಛಾಯೆಗೆ ತಿರುಗುವುದಂತೂ ಕಾಣುತ್ತದೆ. ನೋಡಬೇಕಾದದ್ದು ಗೋಡೆಯನ್ನು ಮಾತ್ರ. ಹಾಳೆ ಎಷ್ಟೇ ದಪ್ಪಗಿದ್ದರೂ ಸೂರ್ಯನತ್ತ ಹಿಡಿಯಲು ಮಕ್ಕಳನ್ನು ಬಿಡಬಾರದು.