ಸೀಟಿ ಊದುವವನ ಸಂಕಟ

ಬಾಸ್ಕೆಟ್‌ಬಾಲ್ ಪಂದ್ಯದ ತೀರ್ಪುಗಾರನಿಗೆ ಸೀಟಿಯೊಂದೇ ಆಯುಧವೆಂದು ನೋಡುವವರು ತಿಳಿದಿರುತ್ತಾರೆ. ಕಿವುಡೂ ಒಂದು ಆಯುಧವೇ. ಬಹುಕಾಲ ಬಾಲಕರ ಪಂದ್ಯಗಳಲ್ಲಿ ಸೀಟಿ ಊದಿದ ನನಗೆ, ಅಂಗಳದ ಸುತ್ತಿನಿಂದ ಬರುವ ಬಿರುದಾವಳಿಗಳನ್ನು ಕೇಳಿಯೂ ಕೇಳದಂತಿರುವ ವಿದ್ಯೆ ಚೆನ್ನಾಗಿಯೇ ಸಿದ್ಧಿಸಿದೆ. ಅದನ್ನು ಎಲ್ಲಿ ಬಿಡಬೇಕೆಂಬುದು ಮಾತ್ರ ತಡವಾಗಿ ತಿಳಿಯಿತು.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಎರಡು ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ಆರಂಭಿಸಿದಾಗ ಬರೆದ ನಿಯಮಗಳು 13. ಅವುಗಳಲ್ಲಿ ತೀರ್ಪುಗಾರರು ಇಬ್ಬರು: ಚೆಂಡನ್ನು ನೋಡತಕ್ಕವನೊಬ್ಬ, ಮನುಷ್ಯರನ್ನು ನೋಡತಕ್ಕವನೊಬ್ಬ. ತರಬೇತುದಾರನ ಹೆಸರೇ ಅಲ್ಲಿಲ್ಲ! ಇಂದಿನ ನಿಯಮಗ್ರಂಥದಲ್ಲಿ ಆತನಿಗೆ ಪ್ರತ್ಯೇಕ ಸ್ಥಾನವುಂಟು. ನಾಲಗೆ ಮೇರೆ ಮೀರಿದರೆ 'ಟೆಕ್ನಿಕಲ್ ಫೌಲ್' ಎಂಬ ದಂಡವೂ ಉಂಟು. ದಂಡವೆಂದರೆ ಎದುರಾಳಿಗೆ ಒಂದು ಫ್ರೀ ಥ್ರೋ. ಮಾತು ಹಿರಿಯರದು, ತೆರಿಗೆ ಮಕ್ಕಳದು.

ಮೈಸೂರು ಸೀಮೆಯ ಒಂದು ಊರಿನಲ್ಲಿ ಹದಿನಾಲ್ಕರೊಳಗಿನವರ ಪಂದ್ಯ. ಒಂದು ತಂಡದ ತರಬೇತುದಾರರು ಮೊದಲ ಹತ್ತು ನಿಮಿಷಗಳಲ್ಲೇ ಗಂಟಲು ಹರಿಯುವಂತೆ ಕೂಗತೊಡಗಿದರು. ಅದರಲ್ಲಿ ಮುಕ್ಕಾಲು ಪಾಲು ಒಬ್ಬನೇ ಹುಡುಗನಿಗೆ; ಸಣಕಲು ದೇಹ, ಅಳತೆಗೆ ದೊಡ್ಡದಾದ ಬೂಟು. ಬಿಡುವಿನಲ್ಲಿ ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

“ಸ್ವಾಮಿ, ನನ್ನ ಹುಡುಗರು, ನಾನು ಬಯ್ಯುತ್ತೇನೆ. ನಿಮ್ಮನ್ನೇನಾದರೂ ಅಂದೆನೆ?” ಎಂದರು.

ಅನ್ನಲಿಲ್ಲವೆಂಬುದು ಸತ್ಯ. ನಾನು ಸುಮ್ಮನಾದೆ. ಆ ಮೌನಕ್ಕೆ ನನ್ನಲ್ಲಿ ಈಗಲೂ ಸಮಾಧಾನವಿಲ್ಲ.

ಅವರು ದುಷ್ಟರಾಗಿರಲಿಲ್ಲ; ಇದೇ ತೊಡಕು. ಸಂಬಳವಿಲ್ಲದೆ ನಿತ್ಯವೂ ನಸುಕಿನಲ್ಲೆದ್ದು ಮಕ್ಕಳನ್ನು ಆಡಿಸುವವರು. ಆ ಹುಡುಗನ ಬೂಟೂ ಅವರೇ ಕೊಡಿಸಿದ್ದೆಂದು ಆಮೇಲೆ ಕೇಳಿದೆ. ಹೀಗೆ ಕೊಟ್ಟ ಕೈಗೆ ಬಯ್ಯುವ ಅಧಿಕಾರವೂ ಬಂದುಬಿಡುತ್ತದೆಂಬ ನಂಬಿಕೆ ನಮ್ಮ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಎಷ್ಟು ಹಳೆಯದು!

36–36. ಉಳಿದದ್ದು ನಲವತ್ತು ಸೆಕೆಂಡು. ಅದೇ ಹುಡುಗನಿಗೆ ಎರಡು ಫ್ರೀ ಥ್ರೋ. ಎರಡೂ ತಪ್ಪಿ ಚೆಂಡು ಗೆರೆಯಾಚೆ ಹೋಯಿತು. ಆಗ ತರಬೇತುದಾರರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಹುಡುಗನ ತಂದೆಯ ಕಸುಬೂ ಅವುಗಳಲ್ಲಿ ಬಂತು. ಮೈದಾನವೆಲ್ಲ ನಕ್ಕಿತು. ಹುಡುಗ ಬೂಟಿನ ತುದಿಯನ್ನೇ ನೋಡುತ್ತ ನಿಂತ. ನನ್ನ ಸೀಟಿ ತಾನಾಗಿಯೇ ಊದಿಕೊಂಡಿತೆನ್ನಬೇಕು. ಎರಡು ಕೈಗಳಿಂದ ‘ಟೀ’ ಅಕ್ಷರದ ಆಕಾರ ತೋರಿಸಿದೆ.

ಎದುರು ತಂಡದವನು ಗುರಿ ತಪ್ಪಲಿಲ್ಲ. ಉಳಿದ ಅವಧಿಯಲ್ಲಿ ಯಾರ ಚೆಂಡೂ ಬುಟ್ಟಿಗೆ ಬೀಳಲಿಲ್ಲ. 37–36.

ಅಂಕಪತ್ರಕ್ಕೆ ಕಟ್ಟಕಡೆಯ ಸಹಿ ಮುಖ್ಯ ತೀರ್ಪುಗಾರನದು. ಅದಾದೊಡನೆ ಪಂದ್ಯಕ್ಕೂ ಆತನಿಗೂ ಸಂಬಂಧ ಕಡಿಯಿತೆಂದು ನಿಯಮ. ಲೇಖನಿ ಬಿಚ್ಚುವಷ್ಟರಲ್ಲಿ ಆ ಹುಡುಗ ಬೂಟುಗಳನ್ನು ಕೈಯಲ್ಲಿ ಹಿಡಿದು ಮೇಜಿನ ಬಳಿ ನಿಂತಿದ್ದ.

“ಸಾರ್, ಆ ಫೌಲು ಯಾರ ಹೆಸರಿಗೆ ಬರೆದಿದ್ದೀರಿ?”

ತೋರಿಸಿದೆ. ಆಟಗಾರರ ಹೆಸರುಗಳ ಕೆಳಗೆ, ತರಬೇತುದಾರರ ಸಾಲಿನಲ್ಲಿ, ‘ಸಿ’ ಎಂಬ ಒಂದಕ್ಷರ. ಅವನು ಬೆರಳಿಟ್ಟು ಮೊದಲು ತನ್ನ ಸಾಲನ್ನು, ಆಮೇಲೆ ಅದನ್ನು ನೋಡಿದ.

“ನಂದಲ್ಲ, ಅಲ್ವಾ ಸಾರ್?”

“ನಿನ್ನದಲ್ಲಪ್ಪ.”

ಸ್ವಲ್ಪ ಹೊತ್ತು ನಿಂತು, “ಇದನ್ನ ಅವರಿಗೆ ತೋರಿಸಬೇಡಿ ಸಾರ್, ಬೇಜಾರು ಮಾಡ್ಕೋತಾರೆ” ಎಂದ.

ನಾನು ಹಾಳೆಯನ್ನು ಮಗುಚಿ, ಹಿಂಬದಿಯಲ್ಲಿ ನಡೆದದ್ದನ್ನು ನಾಲ್ಕು ಸಾಲಿನಲ್ಲಿ ಬರೆದೆ. ಮೊದಲ ಹತ್ತು ನಿಮಿಷಗಳಲ್ಲಿ ನಾನು ಸುಮ್ಮನಿದ್ದುದನ್ನೂ ಬರೆದೆ. ಆಮೇಲೆ ಸಹಿ ಹಾಕಿದೆ. ಅತ್ತ ಬೇವಿನ ಮರದ ಕೆಳಗೆ ತರಬೇತುದಾರರು ಮಕ್ಕಳಿಗೆ ಬಾಳೆಹಣ್ಣು ಹಂಚುತ್ತಿದ್ದರು. ಒಂದನ್ನು ತೆಗೆದು ಪಕ್ಕಕ್ಕಿಟ್ಟು, ಆ ಹುಡುಗನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ಅವನು ಬೂಟು ಹಾಕಿಕೊಳ್ಳದೆಯೇ ಓಡಿದ.